ಪಾಯಾ: ಎಲುಬಿನ ರಸದ ಅಡುಗೆ

ಆಡು ಅಥವಾ ಕುರಿಯ ಕಾಲುಗಳನ್ನು ತಾಸುಗಟ್ಟಲೆ ಕುದಿಸಿ ಮಾಡುವ ಸಾರು ಪಾಯಾ. ಕರ್ನಾಟಕದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸಿಕಂದರಾಬಾದಿನಿಂದ ವಾಡಿಗೆ 1874ರಲ್ಲಿ ರೈಲು ಬಂತು. ಹೀಗಾಗಿ ಈ ಸೀಮೆಯ ಮಾಂಸದಡುಗೆಯಲ್ಲಿ ಹೈದರಾಬಾದಿನ ರುಚಿ ಬೆರೆತಿದೆ.

ಎಲುಬನ್ನು ತಾಸುಗಟ್ಟಲೆ ಕುದಿಸುವ ಇದೇ ವಿದ್ಯೆ ಜಪಾನಿನ ದನದ ಮಾಂಸದ ನೂಡಲ್ ಸೂಪಿಗೂ ಬೇಕು. ಅಲ್ಲಿ 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ಬಹಿರಂಗವಾದ ಮೇಲೆ ಅದರ ಬಳಕೆ ಹಬ್ಬಿತು. ತೊಟ್ಟೊರಿ ಪ್ರಾಂತ್ಯದ ರಾಮೆನ್ ಎಂಬ ನೂಡಲ್ ಸೂಪಿಗೆ ದನದ ಎಲುಬಿನ ರಸವೇ ಆಧಾರ. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಎತ್ತು, ಕರುಗಳ ವಧೆಯನ್ನು ನಿಷೇಧಿಸಿದೆ. 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಮಾತ್ರ ಅಧಿಕಾರಿಯ ಪ್ರಮಾಣಪತ್ರದ ಮೇಲೆ ವಧಿಸಬಹುದು. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಆ ಬಗೆಯ ಸೂಪು ಮಾಡಲು ಆಡಿನ ಕಾಲೇ ಸುಲಭದ ದಾರಿ.

ಎಲುಬಿನ ಸಾರಿಗೆ ಮೈ ಕೊಡುವುದು ಕೊಲಾಜೆನ್. ಚರ್ಮ, ನರ, ಕೀಲುಗಳಲ್ಲಿರುವ ಈ ಸಸಾರಜನಕ ಬಿಸಿನೀರಿನಲ್ಲಿ ನಿಧಾನವಾಗಿ ಬಿಚ್ಚಿ ಜೆಲಾಟಿನ್ ಆಗುತ್ತದೆ. ಕಾಲುಗಳಲ್ಲಿ ಕೀಲು, ನರಗಳು ಹೆಚ್ಚಾದ್ದರಿಂದ ಪಾಯಾ ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಆರಿಸಿ ತಣ್ಣಗಿಟ್ಟ ರಸ ಹೆಪ್ಪುಗಟ್ಟಿದರೆ ಅದು ಸರಿಯಾಗಿ ಬೆಂದಿದೆ ಎಂದರ್ಥ.

ಮೊದಲು ಕಾಲುಗಳ ಕೂದಲನ್ನು ಉರಿಯಲ್ಲಿ ಸುಟ್ಟು, ಕೆರೆದು, ಗೋಧಿ ಹಿಟ್ಟು ಮತ್ತು ಅರಿಶಿನ ಹಚ್ಚಿ ತಿಕ್ಕಿ ತೊಳೆಯಬೇಕು. ನಾಲ್ಕು ಕಾಲುಗಳ ತುಂಡುಗಳನ್ನು ನೀರಿನಲ್ಲಿ ಒಂದು ಕುದಿ ಬರಿಸಿ, ಆ ನೀರು ಚೆಲ್ಲಿದರೆ ರಕ್ತದ ನೊರೆಯೂ ವಾಸನೆಯೂ ಹೋಗುತ್ತವೆ. ಜಪಾನಿನ ಅಡಿಗೆಯವರೂ ಎಲುಬಿಗೆ ಹೀಗೆಯೇ ಮಾಡುತ್ತಾರೆ. ನಂತರ ಎರಡೂವರೆ ಲೀಟರ್ ನೀರು, ಒಂದು ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ ಹಾಕಿ, ಚಕ್ಕೆ, ಲವಂಗ, ಮೆಣಸು, ಶಹಾಜೀರಿಗೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಬೇಕು. ಸಣ್ಣ ಉರಿಯಲ್ಲಿ ಐದಾರು ತಾಸು ಬೇಕು. ಕುಕ್ಕರಿನಲ್ಲಾದರೆ ಒಂದು ತಾಸು ಸಾಕು.

ಉರಿಯ ಮೇಲೆ ರಸದ ಬಣ್ಣ ನಿಂತಿದೆ. ಸಣ್ಣ ಉರಿಯಲ್ಲಿ ಕೊಬ್ಬು ಮೇಲೆ ತೇಲಿ ರಸ ತಿಳಿಯಾಗಿರುತ್ತದೆ. ಕೊತಕೊತ ಕುದಿಸಿದರೆ ಕೊಬ್ಬು ಸಣ್ಣ ಹನಿಗಳಾಗಿ ಬೆರೆತು ಹಾಲಿನಂತಾಗುತ್ತದೆ. ನೀರು ಇಂಗಿದಂತೆ ಉಪ್ಪು ಬಿರುಸಾಗುವುದರಿಂದ ಉಪ್ಪನ್ನು ಕೊನೆಗೆ ಹಾಕಬೇಕು.

ಜಪಾನಿನಲ್ಲಿ ಕೊಂಬು ಎಂಬ ಕಡಲಪಾಚಿ ಮತ್ತು ಸೋಯಾ ಸಾಸ್ ರುಚಿ ಕೊಡುತ್ತವೆ. ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು 1908ರಲ್ಲಿ ವಿಜ್ಞಾನಿ ಕಿಕುನಾಯೆ ಇಕೆಡಾ ಕಂಡುಕೊಂಡರು. ಹಣ್ಣಾದ ಟೊಮೆಟೊದಲ್ಲಿಯೂ ಅದು ಧಾರಾಳವಾಗಿದೆ. ಎರಡು ಟೊಮೆಟೊಗಳನ್ನು ಹುರಿದು ಹಾಕಿದರೆ ರಸಕ್ಕೆ ಅದೇ ಬಗೆಯ ಆಳ ಬರುತ್ತದೆ. ಸೋಯಾ ಸಾಸ್ ಸಿಕ್ಕರೆ ಒಂದು ಚಮಚ ಸಾಕು. ಅದರಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪನ್ನು ಕಡಿಮೆ ಮಾಡಬೇಕು.

ನೂಡಲ್ಸ್ ಬದಲು ಬೇಸಿಗೆಯಲ್ಲಿ ಮಾಡಿ ಒಣಗಿಸಿಟ್ಟ ಗೋಧಿ ಶಾವಿಗೆ ಬಳಸಬಹುದು. ರಾಮೆನ್ ಎಳೆಗಳಿಗೆ ಕ್ಷಾರದ ಉಪ್ಪು ಬೆರೆಸಿ ಬಿಗಿಯಾಗಿಸುತ್ತಾರೆ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡಖಾರವೂ ಕ್ಷಾರವೇ. ಶಾವಿಗೆಗೆ ಆ ಬಿಗಿ ಇರದ ಕಾರಣ ಬೇಗ ಮೆತ್ತಗಾಗುತ್ತದೆ. ಅದನ್ನು ಬೇರೆ ಪಾತ್ರೆಯಲ್ಲಿ ಎರಡು ಮೂರು ನಿಮಿಷ ಬೇಯಿಸಿ ಬಸಿಯಬೇಕು. ರಸದಲ್ಲೇ ಬೇಯಿಸಿದರೆ ಅದರ ಗಂಜಿ ಬಿಟ್ಟು ರಸ ಕದಡುತ್ತದೆ. ಬಟ್ಟಲಿಗೆ ಶಾವಿಗೆ ಹಾಕಿ, ಕಾಲಿನ ತುಂಡುಗಳನ್ನಿಟ್ಟು, ಕುದಿಯುವ ರಸ ಸುರಿದು, ಕೊತ್ತಂಬರಿ ಉದುರಿಸಿ, ನಿಂಬೆ ಹಿಂಡಿ ಬಡಿಸಬೇಕು.

ಉಳಿದ ರಸವನ್ನು ಎರಡು ತಾಸಿನೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಬಾಳುತ್ತದೆ. ಬಳಸುವಾಗ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಬೇಕು. ಶಾವಿಗೆಯನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಬೇಯಿಸುವುದು ಒಳ್ಳೆಯದು.