ಓಮದ ಘಾಟು, ಬ್ಯಾಕ್ಟೀರಿಯಾದ ಪೊರೆ

ಓಮಕಾಳನ್ನು ಅಂಗೈಯಲ್ಲಿ ಉಜ್ಜಿದರೆ ಮೂಗಿಗೆ ಹೊಡೆಯುವ ಘಾಟು ಮುಖ್ಯವಾಗಿ ಥೈಮಾಲ್ ಎಂಬ ರಾಸಾಯನಿಕದ್ದು. ಕಾಳನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ 100 ಕಿಲೋಗೆ ಸುಮಾರು 2ರಿಂದ 4 ಕಿಲೋ ಎಣ್ಣೆ ಬರುತ್ತದೆ. ಹೆಸರಿಗೆ ಎಣ್ಣೆಯಾದರೂ ಇದು ಕಡಲೆಕಾಯಿ ಎಣ್ಣೆಯ ಜಾತಿಯದಲ್ಲ. ಬಟ್ಟೆಗೆ ಬಿದ್ದರೆ ಸ್ವಲ್ಪ ಹೊತ್ತಿಗೆ ಆವಿಯಾಗಿ ಹೋಗುತ್ತದೆ. ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್ ಥೈಮಾಲ್‌ನ ದಾಯಾದಿ: ಪರಮಾಣುಗಳ ಲೆಕ್ಕ ಒಂದೇ, ಕೂತ ಜಾಗ ಮಾತ್ರ ಬೇರೆ. ಇವೆರಡೂ ಫೀನಾಲ್ ಎಂಬ ರಾಸಾಯನಿಕ ಬಳಗದವು. ಲವಂಗದ ಯೂಜಿನಾಲ್ ಕೂಡ ಅದೇ ಬಳಗಕ್ಕೆ ಸೇರಿದ್ದು. 1865ರಲ್ಲಿ ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಸೋಂಕು ತಡೆಯಲು ರೋಗಿಯ ಗಾಯಕ್ಕೆ ಬಳಸಿದ ಕಾರ್ಬಾಲಿಕ್ ಆಮ್ಲವೂ ಫೀನಾಲೇ. ಅವರ ಹೆಸರನ್ನೇ ಹೊತ್ತು 1879ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ರಿಮಿನಾಶಕ ದ್ರವ ಲಿಸ್ಟರಿನ್‌ನಲ್ಲಿ ಥೈಮಾಲ್ ಇಂದಿಗೂ ಇದೆ.

ಬ್ಯಾಕ್ಟೀರಿಯಾದ ಜೀವಕೋಶವನ್ನು ಸುತ್ತಿರುವ ಪೊರೆ ಕೊಬ್ಬಿನದು. ಥೈಮಾಲ್ ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಆ ಪೊರೆಯೊಳಗೇ ನುಗ್ಗಿ ಸೇರಿಕೊಳ್ಳುತ್ತದೆ. ಪೊರೆ ಸಡಿಲಗೊಂಡು ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಶಕ್ತಿ ತಯಾರಿಸುವ ವ್ಯವಸ್ಥೆ ಕುಸಿಯುತ್ತದೆ, ಜೀವಕೋಶ ಸಾಯುತ್ತದೆ. ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸುಟ್ಟ ಗಾಯಗಳನ್ನು ಕಾಡುವ ಸ್ಯೂಡೋಮೊನಾಸ್‌ಗೆ ಹೊರಗೆ ಇನ್ನೊಂದು ಪೊರೆಯಿದೆ. ಅದನ್ನೂ ದಾಟಿ ಒಳಬಂದದ್ದನ್ನು ಹೊರದಬ್ಬುವ ಪಂಪುಗಳೂ ಇವೆ. ಓಮದೆಣ್ಣೆಯಂಥ ಆವಿಯಾಗುವ ಸಾರತೈಲಗಳಿಗೆ ಹೆಚ್ಚಿನ ಮಟ್ಟಿಗೆ ಅದು ಜಗ್ಗುವುದಿಲ್ಲ.

ಪ್ರಯೋಗಾಲಯದ ತಟ್ಟೆಯಲ್ಲಿ ಎಣ್ಣೆಯ ಹನಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವೊಂದು ಕಾಣಿಸಿತೆಂದರೆ ಸಾಕು, ‘ನೈಸರ್ಗಿಕ ಆ್ಯಂಟಿಬಯಾಟಿಕ್’ ಎಂಬ ಜಾಹೀರಾತು ಹೊರಡುತ್ತದೆ. ನನಗೆ ಈ ಆತುರ ಒಪ್ಪಿಗೆಯಲ್ಲ. ಮಾಂಸಕ್ಕೋ ಹಾಲಿಗೋ ಅದೇ ಎಣ್ಣೆ ಬೆರೆಸಿದರೆ ಅಲ್ಲಿನ ಕೊಬ್ಬು, ಪ್ರೋಟೀನುಗಳೇ ಅದನ್ನು ಹೀರಿಕೊಳ್ಳುತ್ತವೆ. ತಟ್ಟೆಯಲ್ಲಿ ಸಾಕಾದ ಪ್ರಮಾಣ ಇಲ್ಲಿ ಏನೇನೂ ಸಾಲದು. ಸಾಲುವಷ್ಟು ಹಾಕಿದರೆ ಆಹಾರ ಬಾಯಿಗಿಡಲಾರದಷ್ಟು ಘಾಟಾಗುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ನಮ್ಮ ಜೀವಕೋಶಗಳಿಗೂ ಕೊಬ್ಬಿನ ಪೊರೆಯೇ ಇರುವುದು. ಲವಂಗದೆಣ್ಣೆಯನ್ನು ಒಂದೆರಡು ಚಮಚ ಕುಡಿದ ಎಳೆಯ ಮಕ್ಕಳ ಯಕೃತ್ತು ಕೆಟ್ಟ ವರದಿಗಳಿವೆ. ನೀಲಗಿರಿ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಅಡುಗೆಗೆ ಹಾಕುವ ಚಿಟಿಕೆ ಓಮಕ್ಕೂ ಬಾಟಲಿಯಲ್ಲಿರುವ ಗಟ್ಟಿ ಎಣ್ಣೆಗೂ ಹೋಲಿಕೆಯೇ ಇಲ್ಲ.

ಹಾಗಾಗಿ ಈ ಎಣ್ಣೆಗಳು ನೆಲೆಯೂರಿರುವುದು ದೇಹದ ಹೊರಗೆ ಇಲ್ಲವೇ ಹೊರಮೈಯಲ್ಲಿ: ಬಾಯಿ ಮುಕ್ಕಳಿಸಿ ಉಗುಳುವ ದ್ರವದಲ್ಲಿ, ನೆಲ ಒರೆಸುವ ದ್ರಾವಣದಲ್ಲಿ, ದಂತವೈದ್ಯರು ಸತುವಿನ ಆಕ್ಸೈಡ್ ಜೊತೆ ಯೂಜಿನಾಲ್ ಕಲಸಿ ಹಲ್ಲಿನ ಕುಳಿಗೆ ತುಂಬುವ ಸಿಮೆಂಟಿನಲ್ಲಿ. ಕೋಳಿ ಮೇವಿನದು ಬೇರೆ ಕಥೆ. ಪ್ರಾಣಿಗಳು ಬೇಗ ಕೊಬ್ಬಲೆಂದು ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಲ್ಲಿ ಪೂರ್ತಿ ನಿಲ್ಲಿಸಿದ ಮೇಲೆ ಒರೆಗಾನೊ ಎಂಬ ಸುವಾಸನೆಯ ಸೊಪ್ಪಿನ ಎಣ್ಣೆಗೆ ಅಲ್ಲಿ ಬೇಡಿಕೆ ಹೆಚ್ಚಿತು.

ಮನುಷ್ಯರ ಮೇಲೇ ನಡೆದ ಒಂದು ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಮೈಮೇಲಿದ್ದ 200ಕ್ಕೂ ಹೆಚ್ಚು ಬ್ರಿಟಿಷ್ ರೋಗಿಗಳಲ್ಲಿ ಕೆಲವರಿಗೆ ಆಸ್ಟ್ರೇಲಿಯಾ ಮೂಲದ ಟೀ ಟ್ರೀ ಎಣ್ಣೆಯ ಕ್ರೀಮು, ಉಳಿದವರಿಗೆ ಆಸ್ಪತ್ರೆಯ ಮಾಮೂಲಿ ಔಷಧಿಗಳು. ಮೂಗಿನೊಳಗಿನ ಬ್ಯಾಕ್ಟೀರಿಯಾವನ್ನು ಮಾಮೂಲಿ ಔಷಧಿಯಾದ ಮ್ಯುಪಿರೊಸಿನ್ ಮುಲಾಮು ಶೇಕಡ 78 ಮಂದಿಯಲ್ಲಿ ತೊಲಗಿಸಿತು, ಟೀ ಟ್ರೀ ಶೇಕಡ 47 ಮಂದಿಯಲ್ಲಿ ಮಾತ್ರ. ಚರ್ಮದ ಮೇಲೆ ಮತ್ತು ಹುಣ್ಣುಗಳಲ್ಲಿ ಮಾತ್ರ ಆಸ್ಪತ್ರೆಯ ಔಷಧಿಗಳಿಗಿಂತ ಎಣ್ಣೆಯದೇ ಮೇಲುಗೈಯಾಗಿತ್ತು.