ಸಮಚಿಹ್ನೆಯೂ ಬಾಣದ ಗುರುತೂ

ಬೀಜಗಣಿತದ ತರಗತಿಯಲ್ಲಿ ‘ಕ = ಕ + 1’ ಎಂದು ಬರೆದ ವಿದ್ಯಾರ್ಥಿಗೆ ಅಂಕ ದೊರೆಯಲಾರದು. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾದ ಸಂಖ್ಯೆಗೆ ಸಮನಾಗದಷ್ಟೆ! ಆದರೆ ಗಣಕಯಂತ್ರಕ್ಕೆ ಲೆಕ್ಕ ಒಪ್ಪಿಸುವವರು ಇಂಥ ಸಾಲನ್ನು ದಿನವೂ ಬರೆಯುತ್ತಾರೆ. ಯಂತ್ರವು ಅದನ್ನು ಮರುಮಾತಿಲ್ಲದೆ ನಡೆಸಿಕೊಡುತ್ತದೆ. ಈ ವಿಚಿತ್ರಕ್ಕೆ ಕಾರಣವೇನು?

ಗಣಿತದಲ್ಲಿ ಸಮಚಿಹ್ನೆಯು ಒಂದು ಹೇಳಿಕೆ; ಎಡಬಲಗಳೆರಡೂ ಒಂದೇ ಎಂದು ಅದು ಸಾರುತ್ತದೆ. ಇಲ್ಲಿಯಾದರೋ ಅದು ಒಂದು ಆಜ್ಞೆ. ಬಲಗಡೆಯ ಲೆಕ್ಕವನ್ನು ಮೊದಲು ಮುಗಿಸಿ, ಬಂದ ಬೆಲೆಗೆ ಎಡಗಡೆಯ ಹೆಸರನ್ನು ಕೊಡು ಎಂಬುದೇ ಅದರ ತಾತ್ಪರ್ಯ. ‘ಕ’ ಎಂಬ ಚರದ ಬೆಲೆ ಮೊದಲು 4 ಆಗಿದ್ದರೆ, ಆಜ್ಞೆ ನಡೆದ ಬಳಿಕ 5 ಆಗುತ್ತದೆ. ಹಳೆಯ 4 ಆ ಹೆಸರಿಗೆ ಇನ್ನು ಸೇರಿದುದಲ್ಲ.

ಹೇಳಿಕೆಗೂ ಆಜ್ಞೆಗೂ ಒಂದೇ ಚಿಹ್ನೆಯಿದ್ದರೆ ಗೊಂದಲವಾಗುವುದು ಸಹಜ. 1962ರಲ್ಲಿ ಕೆನೆತ್ ಐವರ್ಸನ್ ಪ್ರಕಟಿಸಿದ ಸಂಕೇತಪದ್ಧತಿಯಲ್ಲಿ, ಬೆಲೆ ಕೊಡುವ ಕೆಲಸಕ್ಕೆ ಎಡಕ್ಕೆ ತಿರುಗಿದ ಬಾಣವಿತ್ತು. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಸಂಖ್ಯಾಶಾಸ್ತ್ರದ ಲೆಕ್ಕಗಳಿಗಾಗಿ ‘ಎಸ್’ ಎಂಬ ಭಾಷೆಯನ್ನು ರೂಪಿಸತೊಡಗಿದರು. ಅದರಲ್ಲಿಯೂ ಬಾಣಕ್ಕೆ ಸ್ಥಾನ ದೊರೆಯಿತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬವರು 1990ರ ದಶಕದ ಆದಿಯಲ್ಲಿ ರಚಿಸಿದ ‘ಆರ್’ ಭಾಷೆಗೆ ಅದು ಪಿತ್ರಾರ್ಜಿತವಾಗಿ ಬಂದಿತು.

ಈ ಬಾಣದ ಹಣೆಬರಹವೂ ಸ್ವಾರಸ್ಯವಾದುದು. ಯಂತ್ರಗಳಿಗಾಗಿ ಅಮೆರಿಕದಲ್ಲಿ 1963ರಲ್ಲಿ ಗೊತ್ತುಪಡಿಸಿದ ಅಕ್ಷರಗಳ ಪಟ್ಟಿಯಲ್ಲಿ ಎಡಬಾಣಕ್ಕೊಂದು ಸ್ಥಾನವಿತ್ತು. 1967ರ ಪರಿಷ್ಕರಣದಲ್ಲಿ ಆ ಸ್ಥಾನವು ಅಡಿಗೆರೆಗೆ ಸಂದಿತು. ಇದರ ಗುರುತಾಗಿ, ಅಡಿಗೆರೆಯೂ ಬಹುಕಾಲ ಬೆಲೆ ಕೊಡುವ ಚಿಹ್ನೆಯಾಗಿ ಉಳಿದಿತ್ತು. ಆರ್ ಭಾಷೆಯಿಂದ ಅದನ್ನು ತೆಗೆದುಹಾಕಿದುದು 2003ರಲ್ಲಿ. ಇಂದು ಆರ್ ಭಾಷೆಯ ಬಾಣವನ್ನು ‘ಕಿರಿದು’ ಎಂಬ ಚಿಹ್ನೆಯನ್ನೂ ಕಳೆಯುವ ಚಿಹ್ನೆಯನ್ನೂ ಒತ್ತಾಗಿ ಸೇರಿಸಿ, ‘ಕ <- 5’ ಎಂದು ಬರೆಯುತ್ತಾರೆ. ಬಲಕ್ಕೆ ತಿರುಗಿಸಿ ‘5 -> ಕ’ ಎಂದರೂ ಫಲವೊಂದೇ. 2001ರಿಂದ ಈಚೆಗೆ ಸಮಚಿಹ್ನೆಯೂ ಸಲ್ಲುತ್ತದೆ.

ಎರಡು ಚಿಹ್ನೆಗಳನ್ನು ಸೇರಿಸಿ ಮಾಡಿದ ಈ ಬಾಣದಲ್ಲಿ ಅಪಾಯವೊಂದು ಅಡಗಿದೆ. ಶೀತಪ್ರದೇಶವೊಂದರ 365 ದಿನಗಳ ಉಷ್ಣತೆಯನ್ನು ‘ತ’ ಎಂಬ ಹೆಸರಿನಲ್ಲಿ ಇರಿಸಿದ್ದೇವೆಂದು ಭಾವಿಸೋಣ. ಯಾವ ದಿನಗಳಲ್ಲಿ ಉಷ್ಣತೆಯು ಋಣ 5 ಡಿಗ್ರಿಗಿಂತಲೂ ಕೆಳಗಿಳಿದಿತ್ತು? ‘ತ < -5’ ಎಂದು ಕೇಳಿದರೆ ಯಂತ್ರವು ಪ್ರತಿ ದಿನಕ್ಕೂ ನಿಜ ಅಥವಾ ಸುಳ್ಳು ಎಂಬ ಉತ್ತರ ಕೊಡುತ್ತದೆ. ತೆರಪು ಬಿಡದೆ ‘ತ<-5’ ಎಂದು ಬರೆದೆವೋ, ಪ್ರಶ್ನೆಯು ಆಜ್ಞೆಯಾಗಿ ಮಾರ್ಪಡುತ್ತದೆ! ‘ತ’ ಎಂಬ ಹೆಸರಿನಲ್ಲಿ 365 ಅಳತೆಗಳ ಬದಲು 5 ಎಂಬ ಒಂದೇ ಸಂಖ್ಯೆ ಉಳಿಯುತ್ತದೆ. ಯಂತ್ರವು ಎಚ್ಚರಿಕೆಯ ಮಾತೊಂದನ್ನೂ ಆಡುವುದಿಲ್ಲ. ಆ ಬಳಿಕ ಸರಾಸರಿಯನ್ನು ಕೇಳಿದರೆ, 5 ಎಂಬ ಉತ್ತರವೇ ಗಂಭೀರವಾಗಿ ಹೊರಬರುತ್ತದೆ.

ಇದರಿಂದ ಪಾರಾಗುವ ಉಪಾಯಗಳು ಸುಲಭವಾಗಿವೆ. ಚಿಹ್ನೆಗಳ ಎಡಬಲದಲ್ಲಿ ತೆರಪು ಬಿಡುವುದು ಮೊದಲನೆಯದು. ಋಣಸಂಖ್ಯೆಯನ್ನು ‘ತ < (-5)’ ಎಂದು ಆವರಣದಲ್ಲಿಡುವುದು ಎರಡನೆಯದು. ಮೂಲದ ಅಳತೆಗಳನ್ನು ‘ದ <- ತ’ ಎಂದು ಇನ್ನೊಂದು ಹೆಸರಿನಲ್ಲಿಯೂ ಇರಿಸಿಕೊಳ್ಳುವುದು ಮೂರನೆಯದು. ಆರ್ ಭಾಷೆಯಲ್ಲಿ ಹೀಗೆ ಮಾಡಿದ ಮೇಲೆ ‘ತ’ದೊಳಗಿನ ಅಳತೆಯೊಂದನ್ನು ತಿದ್ದಿದರೂ ‘ದ’ ಕೆಡುವುದಿಲ್ಲ; ತಿದ್ದುವ ಹೊತ್ತಿಗೆ ಯಂತ್ರವು ಬೇರೊಂದು ಪ್ರತಿಯನ್ನು ಮಾಡಿಕೊಳ್ಳುತ್ತದೆ. ಪೈಥಾನ್ ಭಾಷೆಯ ಪಟ್ಟಿಗಳಲ್ಲಿ ಹೀಗಲ್ಲ. ಅಲ್ಲಿ ಎರಡು ಹೆಸರುಗಳೂ ಒಂದೇ ಪಟ್ಟಿಯನ್ನು ಸೂಚಿಸುವುದರಿಂದ, ಒಂದರ ಮೂಲಕ ಮಾಡಿದ ತಿದ್ದುಪಡಿ ಇನ್ನೊಂದರಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಪ್ರಯೋಗಶಾಲೆಯಲ್ಲಿ ಅಳತೆಗೋಲನ್ನು ಪರೀಕ್ಷಿಸದೆ ಅಳೆಯಲು ಹೊರಡುವವರಿಲ್ಲ. ಬೆಲೆ ಕೊಟ್ಟ ಕೂಡಲೆ ಚರದ ಹೆಸರನ್ನು ಒಮ್ಮೆ ಬರೆದು, ಅದರಲ್ಲಿರುವುದೇನೆಂದು ಕಣ್ಣಾರೆ ನೋಡಿಕೊಳ್ಳುವುದೂ ಅಂಥದೇ ಪರೀಕ್ಷೆ. ಅದಕ್ಕೆ ಒಂದು ಕ್ಷಣ ಸಾಕು.