ಆರಿಸಿದ ಟಿ.ವಿ.ಯೂ ಕರೆಂಟು ತಿನ್ನುತ್ತದೆ

ರಾತ್ರಿ ವಾರ್ತೆ ಮುಗಿದೊಡನೆ ರಿಮೋಟ್ ಒತ್ತಿ ಮಲಗುತ್ತೇವೆ. ಸೆಟ್ ಟಾಪ್ ಬಾಕ್ಸಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಅನೇಕ ಪೆಟ್ಟಿಗೆಗಳು ಆಗಲೂ ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ ಎಳೆಯುತ್ತವೆ. ಹತ್ತು ವ್ಯಾಟ್ ಎಂದು ಹಿಡಿದರೂ ಹಗಲು ರಾತ್ರಿ ಸೇರಿ ತಿಂಗಳಿಗೆ 7 ಯೂನಿಟ್ ದಾಟುತ್ತದೆ.

ನಂಬಿಕೆ ಬಾರದ ಸದಸ್ಯ ಬಂಧುಗಳು ಹೀಗೆ ಪರೀಕ್ಷಿಸಬಹುದು. ದೀಪ, ಫ್ಯಾನು, ಫ್ರಿಜ್ ಎಲ್ಲ ನಿಲ್ಲಿಸಿ, ರಿಮೋಟಿನಿಂದ ಆರಿಸಿದವನ್ನು ಹಾಗೆಯೇ ಬಿಟ್ಟು ಮೀಟರಿನ ಮುಂದೆ ನಿಲ್ಲಿ. ಮೀಟರಿನ ಮೇಲೆ 3200 ಎಂದು ಅಚ್ಚಾಗಿದ್ದರೆ, ಅದರ ಪುಟ್ಟ ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್ ಎಂದರ್ಥ. ಹತ್ತು ವ್ಯಾಟಿಗೆ ಎರಡು ನಿಮಿಷದೊಳಗೆ ಒಮ್ಮೆ ಮಿನುಗುತ್ತದೆ. ನಮ್ಮ ಮನೆಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಮಿನುಗಿತು! ಇನ್ವರ್ಟರ್ ಮರೆತೇಹೋಗಿತ್ತು.

ಏಳು ಯೂನಿಟ್ ಯಾವ ಮಹಾ ಎನ್ನಬೇಡಿ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ ಬೀಳುತ್ತದೆ.

ಗೋಡೆಯ ಸ್ವಿಚ್ ಆರಿಸಿದರೆ ಈ ಪೋಲು ನಿಲ್ಲುತ್ತದೆ. ಸಿಡಿಲಿಗೆ ಮಾತ್ರ ಸ್ವಿಚ್ ಸಾಲದು. ಹೂಮಳೆಯ ಮೋಡ ಕಟ್ಟಿದಾಗ, ಗುಡುಗು ಹತ್ತಿರ ಬರುವ ಮೊದಲೇ, ಪ್ಲಗ್ಗನ್ನೂ ಡಿಶ್ಶಿನ ಕೇಬಲನ್ನೂ ಕಳಚಿಡಿ. ಅಂದಹಾಗೆ, ಪರೀಕ್ಷೆ ಮುಗಿದ ಮೇಲೆ ಫ್ರಿಜ್ ಹಾಕಲು ಮರೆಯದಿರಿ.